ಆರಾಮಾದ ಮ್ಯಾಲೆ ಅನಬ್ಯಾಡ, ಯವ್ವಾ

ಹೋದ ರವಿವಾರ ನಿಮ್ಮವ್ವನ ಜೊತೆ ಬಂದಿದ್ದೆಯಲ್ಲ, ನೀನು ಬಾಯಿ ತೆರೆಯುವ ಮೊದಲೇ ನಿನ್ನ ಮೊಣಕಾಲು ಎಲ್ಲ ಹೇಳಿಬಿಟ್ಟಿತು. ಬಾಗಿಲ ಚೌಕಟ್ಟು ಹಿಡಿದುಕೊಂಡು, ಯಾರಾದರೂ ನೋಡುತ್ತಿದ್ದಾರೋ ಎಂದು ಆಚೀಚೆ ಕಣ್ಣು ಹಾಯಿಸಿ, ಆಮೇಲೆ ಹೊಸ್ತಿಲು ದಾಟಿದೆ. ಅದೇ ಹೊಸ್ತಿಲನ್ನು ಅದೇ ಉಪಾಯದಿಂದ 42 ವರ್ಷ ದಾಟಿದವಳು ನಾನು. ನನ್ನ ಕಣ್ಣು ತಪ್ಪಿಸುತ್ತೀಯಾ?

"ಆರಾಮ ಅದಿಯೇನವಾ?" ಎಂದು ಕೇಳಿದೆ. "ಆರಾಮ ಅದೀನಿ ಆಯಿ" ಎಂದು ನೀನು ನಕ್ಕೆ. ಗೋಕಾಕ ಸೀಮೆಯಲ್ಲಿ ಹುಟ್ಟಿದವರೆಲ್ಲ ದಿನಕ್ಕೆ ಹತ್ತು ಸಲ ಹೇಳುವ ಸುಳ್ಳು ಅದು, ಪಾಪದ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಚಹಾ ಮುಗಿಸಿ ಬಟ್ಟಲು ಕೆಳಗಿಡುವಾಗ ಇನ್ನೊಂದು ಮಾತು ಆಡಿದೆ. "ಕಾಲೇಜು ಸದ್ಯ ಬಿಡ್ತೀನಿ ಆಯಿ. ಆರಾಮಾದ ಮ್ಯಾಲೆ ಮುಂದುವರಸ್ತೀನಿ. ಹಕ್ಕಿ ನೋಡೂದೂ ಆರಾಮಾದ ಮ್ಯಾಲೇನ." ಆ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿದೆ. ಯವ್ವಾ, "ಆರಾಮಾದ ಮ್ಯಾಲೆ" ಎಂಬ ತಿಥಿ ಯಾವ ಪಂಚಾಂಗದಲ್ಲೂ ಇಲ್ಲ. ನಾನು ಹುಡುಕಿ ಸೋತವಳು.

ನಿನಗೆ ಹಿಡಿದ ಈ ಸಂಧಿವಾತವೇ ನನಗೂ ಹಿಡಿದಾಗ ನನಗೆ 29 ವರ್ಷ. ಮುಂಜಾನೆ ಎದ್ದರೆ ಬೆರಳುಗಳು ಒಣಗಿದ ಬಾರೆಗಿಡದ ಟೊಂಗೆ. ಬಗ್ಗುವುದಿಲ್ಲ, ಬಗ್ಗಿಸಿದರೆ ಮುರಿದಂತೆ. ಜೋಳದ ರೊಟ್ಟಿ ಬಡಿಯಲು ಬಾರದ ಹೆಣ್ಣು ಎಂದರೆ ನಮ್ಮ ಕಡೆ ಅರ್ಧ ಹೆಣ್ಣು. ಬರುತ್ತಿದ್ದದ್ದೂ ಕೈಬಿಟ್ಟು ಹೋದರೆ ಏನನ್ನಬೇಕು? ಜಂತಿ ನೋಡುತ್ತ ಮಲಗಿರುತ್ತಿದ್ದೆ, ಅಡುಗೆಮನೆಯಿಂದ ಅತ್ತೆಯ ಕೈಯ ಪಟಪಟ ಸದ್ದು ಕೇಳುತ್ತಿತ್ತು. ಆ ಸದ್ದಿನಲ್ಲಿ ಬೈಗುಳ ಇರಲಿಲ್ಲ. ನಾನೇ ಹುಡುಕಿಕೊಳ್ಳುತ್ತಿದ್ದೆ.

ನನ್ನ ಕೆಲಸ ಮಣ್ಣು ಪರೀಕ್ಷೆಯದು. ಮೂಡಲಗಿ ಕಡೆಯ ಎರೆಹೊಲಗಳಿಂದ ಚೀಲ ಚೀಲ ಮಣ್ಣು ಬರುತ್ತಿತ್ತು, ಸವಳು ಎಷ್ಟು ಎಂದು ನೋಡಿ ಹೇಳಬೇಕು. ಬ್ಯೂರೆಟ್ಟಿನ ತಿರುಪು ನಿನಗೆ ಗೊತ್ತಲ್ಲ, ಹೆಬ್ಬೆರಳು ತೋರುಬೆರಳು ಎರಡರಲ್ಲೇ ತಿರುಗಿಸಬೇಕು, ಹನಿ ಹನಿಯಾಗಿ ಬಿಡಬೇಕು. ಒಂದು ದಿನ ಬಣ್ಣ ತಿರುಗುವ ಹೊತ್ತಿಗೆ ಬೆರಳು ಕೈಕೊಟ್ಟಿತು. ಗಾಜಿನ ಫ್ಲಾಸ್ಕು ನೆಲಕ್ಕೆ ಬಿದ್ದು ಚೂರು. ಮೇಲಿನವರೊಬ್ಬರು ಬಂದು ನೋಡಿದರು. ಮುಖ ದುಂಡಗಿದೆ, ಮೈ ತುಂಬಿದೆ, ಕಾಲಿನಲ್ಲಿ ಪಟ್ಟಿಯಿಲ್ಲ, ಕೈಯಲ್ಲಿ ಕೋಲಿಲ್ಲ. "ನಾಟಕ ಬಾಳ ಆತು" ಎಂದು ಹೋದರು.

ಮುಖ ದುಂಡಗಿದ್ದದ್ದೇಕೆ ಹೇಳಲೇ? ಮೂರು ದಿನದಲ್ಲಿ ನೋವು ಕಿತ್ತು ಒಗೆಯುತ್ತೇನೆ ಎಂದ ಪುಣ್ಯಾತ್ಮನೊಬ್ಬನ ಹತ್ತಿರ ಪುಡಿ ತಂದು ನುಂಗುತ್ತಿದ್ದೆ. ನೋವು ನಿಜಕ್ಕೂ ಹೋಯಿತು. ತಿಂಗಳು ಕಳೆಯುವುದರೊಳಗೆ ಮುಖ ಹುಣ್ಣಿಮೆ ಚಂದ್ರನಾಯಿತು. ಪುಡಿಯಲ್ಲಿ ಇದ್ದದ್ದು ಸ್ಟಿರಾಯ್ಡ್. ಅಳತೆಯಿಲ್ಲ, ಹೆಸರಿಲ್ಲ. ರಸಾಯನಶಾಸ್ತ್ರ ಓದಿದವಳು, ದಿನಾ ಅಳೆಯುವುದೇ ಕಸುಬಾದವಳು, ಆ ಕಾಗದದ ಪೊಟ್ಟಣದಲ್ಲಿ ಏನಿದೆ ಎಂದು ಒಂದು ಸಲವೂ ಕೇಳಲಿಲ್ಲ. ನೋವು ಬುದ್ಧಿಯನ್ನು ಮೊದಲು ತಿನ್ನುತ್ತದೆ, ಕೀಲನ್ನು ಆಮೇಲೆ. ನಿನ್ನ ಚೀಲದಲ್ಲೂ ಅಂಥದೊಂದು ಪೊಟ್ಟಣ ಕಂಡೆ, ಸುಮ್ಮನೆ ಇದ್ದೆ. ಇವತ್ತು ಹೇಳುತ್ತೇನೆ: ಅದನ್ನು ಹಾಗೇ ನಿನ್ನ ಡಾಕ್ಟರರ ಮೇಜಿನ ಮೇಲಿಡು, ಎಷ್ಟು ದಿನ ತಿಂದೆ ಅಂತ ಹೇಳು. ನೀನಾಗಿಯೇ ದಿಢೀರನೆ ನಿಲ್ಲಿಸಬೇಡ. ಸ್ಟಿರಾಯ್ಡ್ ಒಮ್ಮೆಲೇ ಬಿಟ್ಟರೆ ಮೈ ಕುಸಿಯುತ್ತದೆ, ಇಳಿಸುವುದಕ್ಕೂ ಲೆಕ್ಕವಿದೆ.

ನಾಟಕದ ಮಾತು ಬಂತಲ್ಲ, ನಿಜವಾದ ನಾಟಕ ನೋಡಬೇಕಾದರೆ ಬೇಸಿಗೆಯಲ್ಲಿ ಹೊಳೆದಂಡೆಗೆ ಬಾ. ಉಸುಕು, ಗರಸಿನ ನಡುವೆ ಪ್ಲೋವರ್ ಜಾತಿಯ ಒಂದು ಪುಟ್ಟ ಹಕ್ಕಿ ಮೊಟ್ಟೆ ಇಡುತ್ತದೆ. ಗುಬ್ಬಿಗಿಂತ ಚೂರು ದೊಡ್ಡದು, ಕೊರಳಿಗೆ ಕರಿ ಪಟ್ಟಿ, ಕಣ್ಣಿಗೆ ಹಳದಿ ಕಾಡಿಗೆ. ನಾಯಿ ಗೂಡಿನ ಹತ್ತಿರ ಬಂದಿತೋ, ಒಂದು ರೆಕ್ಕೆ ಇಳಿಬಿಟ್ಟು, ಮುರಿದೇ ಹೋಗಿದೆ ಎನ್ನುವಂತೆ ನೆಲಕ್ಕೆ ಎಳೆಯುತ್ತ ಕುಂಟುತ್ತ ಹೋಗುತ್ತದೆ. ನಾಯಿ ಬೆನ್ನು ಹತ್ತುತ್ತದೆ. ಗೂಡು ದೂರವಾಯಿತು ಅನ್ನುವಾಗ ಪುರ್‍ರೆಂದು ಹಾರಿಹೋಗುತ್ತದೆ. ಮೊದಲ ಸಲ ಅದನ್ನು ಕಂಡಾಗ ನಾನು ಒಬ್ಬಳೇ ಕುಳಿತು ನಕ್ಕೆ, ಸ್ವಲ್ಪ ಅತ್ತೆ ಕೂಡ. ಆ ಹಕ್ಕಿ ರೆಕ್ಕೆ ಗಟ್ಟಿಯಿದ್ದೂ ಮುರಿದಂತೆ ನಟಿಸುತ್ತದೆ. ನಾನು ಕೀಲು ಮುರಿದಿದ್ದೂ ಗಟ್ಟಿ ಇರುವಂತೆ ನಟಿಸುತ್ತಿದ್ದೆ. ಇಬ್ಬರಲ್ಲಿ ಜಾಣರು ಯಾರು, ನೀನೇ ಹೇಳು. ಮರುದಿನ ಬಡಿಗರವನಿಗೆ ಹೇಳಿ ಗೇಣುದ್ದದ ಕಟ್ಟಿಗೆಯ ಹಿಡಿಕೆ ಮಾಡಿಸಿದೆ. ತಿರುಪಿಗೆ ಸಿಕ್ಕಿಸಿ ಅಂಗೈಯಿಂದ ಒತ್ತಿದರೆ ಸಾಕು, ಹನಿ ಬೀಳುತ್ತಿತ್ತು. ನಿವೃತ್ತಿಯವರೆಗೂ ಅದೇ ಹಿಡಿಕೆ. ಇಂಥ ಹಿಡಿಕೆ ಕೇಳಲಿಕ್ಕೆ ನಿನಗೆ ನಾಚಿಕೆ, ಗೊತ್ತು ನನಗೆ. ಚಶ್ಮಾ ಹಾಕಿಕೊಳ್ಳಲು ಯಾರಾದರೂ ನಾಚುತ್ತಾರೇನು?

ಇನ್ನು ನಿನ್ನ ಹಕ್ಕಿ ಹುಚ್ಚಿನ ವಿಷಯ. ಹುಚ್ಚು ಒಳ್ಳೆಯದೇ, ಅವಸರ ಬಹಳ. ದೊಡ್ಡ ಮೂತಿಯ ಕ್ಯಾಮೆರಾ ತಗೊಂಡಿದ್ದೀಯಂತೆ. ವರ್ಷದೊಳಗೆ 200 ಹಕ್ಕಿ ಪಟ್ಟಿ ಮಾಡುವ ಹಟವಂತೆ. ನಸುಕಿನ ಐದಕ್ಕೆ ಏಳಲು ಆಗುತ್ತಿಲ್ಲ, ಅದಕ್ಕೇ ಬಿಟ್ಟೆ ಎಂದೆ. ಪುಸ್ತಕಗಳೆಲ್ಲ ಹಾಗೇ ಹೇಳುತ್ತವೆ, ಹಕ್ಕಿ ನೋಡುವವರು ಸೂರ್ಯನಿಗಿಂತ ಮೊದಲು ಏಳಬೇಕೆಂದು. ಪುಸ್ತಕ ಬರೆದವರಿಗೆ ಸಂಧಿವಾತ ಇರಲಿಲ್ಲ, ಬಿಡು. ನಮ್ಮ ಕೀಲುಗಳ ಬಾಗಿಲು ತೆರೆಯುವುದೇ ಹತ್ತಕ್ಕೆ.

ನಾನೂ ಮೊದಮೊದಲು ಅದಕ್ಕೇ ಅಳುತ್ತಿದ್ದೆ. ಧೂಪದಾಳದ ಹಿನ್ನೀರು ನಮ್ಮ ಮನೆಯಿಂದ ದೂರವಿಲ್ಲ. ಬ್ರಿಟಿಷರ ಕಾಲದ ಒಡ್ಡು ಅದು, ಘಟಪ್ರಭಾ ಎಡದಂಡೆ ಕಾಲುವೆ ಹೊರಡುವುದು ಅಲ್ಲಿಂದಲೇ. 1974ರಲ್ಲಿ ಸುತ್ತಲಿನ 29.78 ಚದರ ಕಿಲೋಮೀಟರನ್ನು ಪಕ್ಷಿಧಾಮ ಎಂದು ಸಾರಿದರು. ಚಳಿಗಾಲದಲ್ಲಿ ಹುಡುಗರು ದುರ್ಬೀನು ನೇತುಹಾಕಿಕೊಂಡು ನಸುಕಿನಲ್ಲೇ ಹೋಗಿ, ಎಂಟೂವರೆಗೆ ಉಪ್ಪಿಟ್ಟು ತಿನ್ನಲು ವಾಪಸು ಬರುತ್ತಿದ್ದರು. ನಾನು ಅವರು ಬಂದ ಮೇಲೆ ಹೊರಡುವವಳು. ಒಂದು ಜನವರಿಯಲ್ಲಿ, ಹನ್ನೊಂದು ಹೊಡೆದಿತ್ತು, ದಂಡೆಯ ಜಾಲಿ ನೆರಳಿಗೆ ಹೋಗಿ ಕುಳಿತೆ. ನೀರು ಖಾಲಿ. ಎರಡು ನೀರುಕಾಗೆ ರೆಕ್ಕೆ ಬಿಚ್ಚಿ ಅಂಗಿ ಒಣಗಿಸಿದಂತೆ ಒಣಗಿಸುತ್ತಿದ್ದವು, ಅಷ್ಟೇ. ತಡವಾಗಿ ಬಂದವಳಿಗೆ ಎಂಜಲೆಲೆ ಎಂದುಕೊಂಡೆ.

ಆಮೇಲೆ ಸದ್ದು ಬಂತು. ಮೊದಲು ದೂರದಲ್ಲಿ ಬಂಡಿ ಗಾಲಿ ಕಿರುಗುಟ್ಟಿದಂತೆ, ಆಮೇಲೆ ತಲೆಯ ಮೇಲೇ. ಕಣ್ಣೆತ್ತಿದರೆ ಸಾಲು ಸಾಲು. ಬೂದಿ ಮೈ, ಕಪ್ಪು ಕುತ್ತಿಗೆ, ಕಣ್ಣ ಹಿಂದೆ ಬಿಳಿ ಕೂದಲಿನ ಜುಟ್ಟು, ಹಣ್ಣಾದ ಮುದುಕರ ಕಿವಿಯ ಕೂದಲು ಗಾಳಿಗೆ ಹಾರಿದಂತೆ. ಡೆಮೊಸೆಲ್ ಕ್ರೇನ್. ಮಂಗೋಲಿಯಾ, ಕಜಕಿಸ್ತಾನದ ಹುಲ್ಲುಗಾವಲಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿ. ಕಾಲು ಮುಂದಕ್ಕೆ ಚಾಚಿ, ರೆಕ್ಕೆ ಅಲುಗಿಸದೆ, ಒಂದೊಂದಾಗಿ ದಂಡೆಗೆ ಇಳಿದವು. ನೀರು ಕುಡಿದವು. ಕೆಲವು ಒಂದೇ ಕಾಲ ಮೇಲೆ ನಿಂತು ಕಣ್ಣು ಮುಚ್ಚಿದವು. ಎಣಿಸುತ್ತ ಎಣಿಸುತ್ತ ಲೆಕ್ಕ ತಪ್ಪಿತು, ಮತ್ತೆ ಮೊದಲಿನಿಂದ ಎಣಿಸಿದೆ. ಅವು ಹೋಗಲಿಲ್ಲ. ನಾನೂ ಹೋಗಲಿಲ್ಲ.

ಮರುದಿನವೂ ಅದೇ ಹೊತ್ತಿಗೆ ಬಂದವು. ಆಗ ತಿಳಿಯಿತು. ಈ ಹಕ್ಕಿಗಳು ಮುಂಜಾನೆ ಹೊಲಗಳಿಗೆ ಹೋಗುತ್ತವೆ, ಕಡಲೆ ಶೇಂಗಾ ಜೋಳ ಆರಿಸಿ ತಿನ್ನುತ್ತವೆ. ಬಿಸಿಲು ಏರಿದ ಮೇಲೆ ನೀರಿಗೆ ಬಂದು ಆರಾಮ ಮಾಡುತ್ತವೆ. ನಸುಕಿನಲ್ಲಿ ಬಂದ ಹುಡುಗರಿಗೆ ತಲೆಯ ಮೇಲೆ ಹಾರಿಹೋಗುವ ಗೆರೆ ಕಂಡರೆ ಅದೇ ಹೆಚ್ಚು. ನನಗೆ ಇಡೀ ಸಂಸಾರ ಕಾಣುತ್ತಿತ್ತು. ಹದ್ದು ಗಿಡುಗಗಳ ವಿಷಯವೂ ಅಷ್ಟೇ. ನೆಲ ಕಾದು ಬಿಸಿಗಾಳಿ ಮೇಲೇಳುವ ತನಕ ಅವು ಗಿಡದ ಮೇಲೆ ಸೋಮಾರಿಗಳಂತೆ ಕೂತಿರುತ್ತವೆ. ಹತ್ತರ ಮೇಲೆ ಏಳುತ್ತವೆ, ನಮ್ಮಂತೆಯೇ. ನನ್ನ ರೋಗದ ಗಡಿಯಾರಕ್ಕೂ ಹೊಂದುವ ಹಕ್ಕಿಗಳಿವೆ ಎಂಬುದು ಗೊತ್ತಾಗಲು ನನಗೆ ಆರು ವರ್ಷ ಬೇಕಾಯಿತು. ಪುಕ್ಕಟೆ ಹೇಳುತ್ತಿದ್ದೇನೆ, ತಗೋ.

ಇದು ಬರೀ ನನ್ನ ಕಥೆ ಅಂದುಕೊಳ್ಳಬೇಡ. ಅಮೆರಿಕದಲ್ಲಿ ಎಡ್ವರ್ಡ್ ವಿಲ್ಸನ್ ಎಂಬುವರಿದ್ದರು, 2021ರಲ್ಲಿ ತೀರಿಕೊಂಡರು. ಏಳು ವರ್ಷದ ಹುಡುಗನಿದ್ದಾಗ ಗಾಳ ಎಳೆದರು, ಮೀನು ಹಾರಿ ಬಂದು ಅದರ ಮುಳ್ಳು ಬಲಗಣ್ಣಿಗೆ ಚುಚ್ಚಿತು. ಆ ಕಣ್ಣು ಹೋಯಿತು. ಬೆಳೆಯುತ್ತ ಬೆಳೆಯುತ್ತ ಕಿವಿಯೂ ಸಣ್ಣ ಸ್ವರ ಹಿಡಿಯದಂತಾಯಿತು. ಹಕ್ಕಿಯ ಉಲಿ, ಕಪ್ಪೆಯ ಕೂಗು ಕೇಳದವನು ಕಾಡಿನಲ್ಲಿ ಏನು ಮಾಡಬೇಕು? ಉಳಿದ ಒಂದು ಕಣ್ಣು ಹತ್ತಿರದ ಸಣ್ಣ ವಸ್ತುವಿಗೆ ಬಲು ಚುರುಕು. ಇರುವೆ ಎತ್ತಿ ಬೆರಳ ಮೇಲಿಟ್ಟುಕೊಂಡರು. ಜಗತ್ತಿಗೆ ಇರುವೆ ಎಂದರೇನು ಎಂದು ಕಲಿಸಿದವರಲ್ಲಿ ಅವರು ದೊಡ್ಡವರು. ಕಣ್ಣು ಬರಲಿ, ಆಮೇಲೆ ಹಕ್ಕಿ ಹಿಡಿಯುತ್ತೇನೆ ಎಂದು ಕುಳಿತಿದ್ದರೆ?

ಡಾರ್ವಿನ್ನನ ಹೆಸರನ್ನಂತೂ ಪರೀಕ್ಷೆಗೆ ಬರೆದಿದ್ದೀಯ. ಹಡಗಿನ ಪ್ರವಾಸ ಮುಗಿಸಿದ ಮೇಲೆ ಆತ ಹೆಚ್ಚುಕಡಿಮೆ ಜೀವಮಾನವಿಡೀ ರೋಗಿ. ವಾಂತಿ, ಹೊಟ್ಟೆನೋವು, ಎದೆ ಬಡಿತ, ಸುಸ್ತು. ಏನು ರೋಗ ಎಂದು ಪಂಡಿತರು ಇಂದಿಗೂ ಜಗಳಾಡುತ್ತಾರೆ. 1842ರಲ್ಲಿ ಡೌನ್ ಎಂಬ ಹಳ್ಳಿ ಸೇರಿದ. ಮುಂಜಾನೆ ಒಂದೂವರೆ ತಾಸು ಕೆಲಸ. ಆಮೇಲೆ ಅಡ್ಡಾಗಿ, ಮನೆಯವರು ಓದುವ ಕಾಗದ ಪತ್ರ ಕೇಳುವುದು. ಮತ್ತೆ ಒಂದೂವರೆ ತಾಸು. ಮಧ್ಯಾಹ್ನ ಹನ್ನೆರಡಕ್ಕೆ ದಿನದ ಮುಖ್ಯ ದುಡಿಮೆ ಮುಗಿಯಿತು. ತೋಟದ ಆಚೆ ಉಸುಕಿನ ಕಾಲುದಾರಿ ಮಾಡಿಸಿಕೊಂಡಿದ್ದ, ಅಲ್ಲಿ ಸುತ್ತು ಹಾಕುತ್ತಿದ್ದ. ತಿರುವಿನಲ್ಲಿ ಕಲ್ಲುಗಳ ಗುಡ್ಡೆ. ಸುತ್ತಿಗೊಂದು ಕಲ್ಲನ್ನು ಕಾಲಿಂದ ಒದ್ದು ಲೆಕ್ಕ ಇಡುವುದು. ದೂರದ ದ್ವೀಪಕ್ಕೆ ಮತ್ತೆ ಹೋಗುವ ಮಾತೇ ಇಲ್ಲ, ಅದಕ್ಕೆ 1855ರಲ್ಲಿ ಮನೆಯಲ್ಲೇ ಪಾರಿವಾಳ ಸಾಕಲು ಶುರು ಮಾಡಿದ. ನಾಲ್ಕು ವರ್ಷಕ್ಕೆ ಬಂದ, ಜೀವಜಾತಿಗಳ ಹುಟ್ಟಿನ ಕುರಿತ ಆತನ ದೊಡ್ಡ ಪುಸ್ತಕದ ಮೊದಲ ಅಧ್ಯಾಯದಲ್ಲೇ ಪಾರಿವಾಳಗಳಿವೆ. ನಮ್ಮ ಸಲೀಂ ಅಲಿಯವರೂ ಹದಿಮೂರರ ವಯಸ್ಸಿಗೆ ತಲೆನೋವಿಗೆ ಸಿಕ್ಕಿ ಶಾಲೆ ತಪ್ಪಿಸುತ್ತಿದ್ದವರೇ. ಒಣ ಹವೆ ಒಗ್ಗಲಿ ಎಂದು ಸಿಂಧ್ ಪ್ರಾಂತ್ಯದ ಸಂಬಂಧಿಕರಲ್ಲಿಗೆ ಕಳಿಸಿದ್ದರಂತೆ. ದೊಡ್ಡವರಾದ ಮೇಲೆ ಕೆಲಸ ಹೋಗಿ ಕಿಹಿಮ್ ಎಂಬ ಕಡಲೂರಲ್ಲಿ ಕುಳಿತಾಗ, ಗೀಜಗ ಗೂಡು ಕಟ್ಟುವುದನ್ನು ತಿಂಗಳುಗಟ್ಟಲೆ ನೋಡಿದರು. ಒಂದು ಗಂಡು ಒಂದಾದ ಮೇಲೊಂದು ಗೂಡು ಕಟ್ಟಿ, ಒಂದಾದ ಮೇಲೊಂದು ಹೆಂಡತಿಯನ್ನು ಕೂರಿಸುತ್ತದೆ ಎಂಬ ಗುಟ್ಟು ಹೊರಬಿದ್ದದ್ದು ಆಗ.

ಮೂರು ತಾಸು, ಯವ್ವಾ. ಡಾರ್ವಿನ್ನನ ಮುಂಜಾವಿಗೆ ಸಾಕಾದದ್ದು ನಿನಗೆ ಸಾಲದೇ?

ಈಗ ಸ್ವಲ್ಪ ವ್ಯವಹಾರ ಮಾತಾಡೋಣ. ನಿನ್ನ ಮೆಥೊಟ್ರೆಕ್ಸೇಟ್ ಗುಳಿಗಿ ವಾರಕ್ಕೊಮ್ಮೆ ಮಾತ್ರ, ದಿನಾ ಅಲ್ಲ. ಎಷ್ಟೋ ಜನ ಮರೆತು ದಿನಾ ನುಂಗಿ ಜೀವಕ್ಕೇ ತಂದುಕೊಂಡಿದ್ದಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಸೊನ್ನೆ ಹಾಕು. ನಾನು ರವಿವಾರ ರಾತ್ರಿ ನುಂಗುತ್ತೇನೆ, ಸೋಮವಾರ ಹೊಟ್ಟೆ ತೊಳಸುತ್ತದೆ. ಆದ್ದರಿಂದ ಸೋಮವಾರ ನನ್ನದಲ್ಲ. ಆ ದಿನ ಯಾರ ಮನೆಗೂ ಹೋಗುವುದಿಲ್ಲ, ಯಾರಿಗೂ ಮಾತು ಕೊಡುವುದಿಲ್ಲ, ಕಿಟಕಿಯಲ್ಲಿ ಕಂಡ ಹಕ್ಕಿಗಷ್ಟೇ ಲೆಕ್ಕ. ನೀನು ಚೆನ್ನಾಗಿರುವ ದಿನ ಅರಭಾವಿಯಿಂದ ಗೋಕಾಕಕ್ಕೆ, ಗೋಕಾಕದಿಂದ ಫಾಲ್ಸಿಗೆ, ಅಲ್ಲಿಂದ ಯೋಗಿಕೊಳ್ಳಕ್ಕೆ ತಿರುಗಿ, ಮುಂದೆ ನಾಲ್ಕು ದಿನ ಹಾಸಿಗೆ ಹಿಡಿಯುತ್ತೀಯ ಎಂದು ನಿಮ್ಮವ್ವ ಹೇಳಿದಳು. ಸಂತೆಯ ದಿನ ಪಗಾರವೆಲ್ಲ ಖರ್ಚು ಮಾಡಿ ತಿಂಗಳಿಡೀ ಸಾಲ ಕೇಳುವ ಗಂಡಸರಿದ್ದಾರಲ್ಲ, ಅದೇ ಬುದ್ಧಿ. ಒಳ್ಳೆಯ ದಿನವೂ ಅರ್ಧ ಉಳಿಸು.

ಅಂಗವಿಕಲರ ಕಾರ್ಡು ಬೇಡ ಎಂದೆಯಂತೆ, ಮದುವೆಗೆ ಅಡ್ಡಿ ಎಂದು. ಆ ಮಾತು ನಿನ್ನದೋ ನಿಮ್ಮ ಸೋದರತ್ತೆಯದೋ? 2016ರ ಕಾಯ್ದೆ ಅಂಗವೈಕಲ್ಯದ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು. ಸಂಧಿವಾತ ಅಂತ ಅದರಲ್ಲಿ ಬರೆದಿಲ್ಲ. ಆದರೆ ಕೈಕಾಲಿನ ಚಲನೆ ಎಷ್ಟು ಹೋಗಿದೆ ಎಂದು ಅಳೆಯುತ್ತಾರೆ, ಶೇಕಡಾ 40 ಮುಟ್ಟಿದರೆ ಮೀಸಲಾತಿಗೂ ದಾರಿ. ಮುಟ್ಟದಿದ್ದರೆ ಇಲ್ಲ, ನಷ್ಟವೇನು? ಕಾರ್ಡಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಹೊತ್ತು ಕೇಳಲು ಬಾಯಿ ಬರುತ್ತದೆ. ಬಸ್ ಪಾಸಿನ ಆಸೆ ನಿನಗಿಲ್ಲ ಬಿಡು, ಈಗ ಹೆಣ್ಣುಮಕ್ಕಳಿಗೆ ಹೇಗೂ ಬಸ್ಸು ಪುಕ್ಕಟೆ. ಮೊದಲ ಮೆಟ್ಟಿಲು ಮಾತ್ರ ಇನ್ನೂ ಅಟ್ಟದಷ್ಟು ಎತ್ತರ. ಹತ್ತುವಾಗ ಹಿಂದಿನವರಿಗೆ "ಸ್ವಲ್ಪ ಕೈ ಹಿಡೀರಿ" ಎನ್ನು. ನಮ್ಮ ಜನಕ್ಕೆ ಕೇಳದೆ ಸಹಾಯ ಮಾಡಲು ಸಂಕೋಚ, ಕೇಳಿದರೆ ಹೊತ್ತುಕೊಂಡೇ ಹತ್ತಿಸುತ್ತಾರೆ.

ಕ್ಯಾಮೆರಾ ಪಕ್ಕಕ್ಕಿಡು. ಒಂದು ನೋಟುಬುಕ್ಕು ತೆಗೆ. ಎಡಪುಟ ಮೈಗೆ, ಬಲಪುಟ ಹಕ್ಕಿಗೆ. ನನ್ನದರಲ್ಲಿ ಒಂದು ದಿನ ಹೀಗಿದೆ. ಎಡಕ್ಕೆ: "ಎದ್ದದ್ದು 6.00. ಮುಷ್ಟಿ ಕಟ್ಟಲು ಬಂದದ್ದು 9.40. ಬಲ ಮಣಿಕಟ್ಟು ಬಿಸಿ. ರಾತ್ರಿ ಮೋಡ." ಬಲಕ್ಕೆ: "ಅಂಗಳ, 15 ನಿಮಿಷ. ಗುಬ್ಬಿ 6, ಪಿಕಳಾರ 2, ಕೆಂಬೂತ 1, ಬೇವಿನ ಕೆಳಗೆ ಸತ್ತ ಇಲಿ ಎಳೆಯುತ್ತಿದೆ." ವಿಜ್ಞಾನ ಎಂದರೆ ಇಷ್ಟೇ, ಉಳಿದದ್ದು ಬೈಂಡಿಂಗು. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಅಂಗಳದ ಹಕ್ಕಿ ಎಣಿಸುತ್ತಾರೆ, ಒಂದು ಸಲಕ್ಕೆ ಕನಿಷ್ಠ 15 ನಿಮಿಷ, ಇದ್ದಲ್ಲಿಂದಲೇ. ಮಂಚದ ಮೇಲಿಂದ ಎಣಿಸಿದ ಗುಬ್ಬಿಗೂ ಹಿಮಾಲಯದಲ್ಲಿ ಎಣಿಸಿದ ಗುಬ್ಬಿಗೂ ಅಲ್ಲಿ ಒಂದೇ ಬೆಲೆ.

ಎಡಪುಟ ಮೂರು ತಿಂಗಳು ತುಂಬಿದರೆ ನಿನ್ನ ರೋಗಕ್ಕೂ ಒಂದು ನಡವಳಿಕೆ ಇದೆ ಎಂದು ಕಾಣುತ್ತದೆ. ಹಿಡಕಲ್ ಜಲಾಶಯ ನೋಡಿದ್ದೀಯಲ್ಲ, ಹುಕ್ಕೇರಿ ತಾಲ್ಲೂಕಿನದು, 51 ಟಿಎಂಸಿ ನೀರು ಹಿಡಿಯುತ್ತದೆ. ತುಂಬಿದಾಗ ಹುನ್ನೂರಿನ ವಿಠ್ಠಲನ ಗುಡಿ ಮುಳುಗುತ್ತದೆ. ನೀರು ತಳ ಕಂಡ ಬೇಸಿಗೆಯಲ್ಲಿ ಗುಡಿ ಹೊರಗೆ ಬರುತ್ತದೆ, ಜನ ಹೋಗಿ ಕೈಮುಗಿದು ಬರುತ್ತಾರೆ. ಮತ್ತೆ ಮಳೆ, ಮತ್ತೆ ಮುಳುಗು. ನನ್ನ ನೋವೂ ಹಾಗೆ ಏರುತ್ತದೆ, ಇಳಿಯುತ್ತದೆ. ಏರಿದಾಗ ಗುಡಿ ಕೊಚ್ಚಿಹೋಯಿತು ಎಂದು ಎದೆ ಬಡಿದುಕೊಳ್ಳುವುದನ್ನು ಬಿಟ್ಟಿದ್ದೇನೆ. ಅಂದ ಹಾಗೆ, ನೀರು ಇಳಿದಾಗ ದಂಡೆಯ ಕೆಸರಿಗೆ ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿಗಳು ಇಳಿಯುತ್ತವೆ, ಕೆಸರು ಕುಕ್ಕಿ ಹುಳ ತೆಗೆಯುತ್ತವೆ. ಜಲಾಶಯ ತುಂಬಿದ್ದಾಗ ಅವಕ್ಕೆ ಅಲ್ಲಿ ಕಾಲಿಡಲೂ ಜಾಗವಿಲ್ಲ.

ನಿಮ್ಮಪ್ಪನ ಹೊಲದ ಪೂರ್ವದ ಪಟ್ಟಿ ಸವಳಾಗಿದೆ ಎಂದೆಯಲ್ಲ, ಅದರ ಮಣ್ಣು ನಾನೇ ನೋಡಿದ್ದೆ. ಕಬ್ಬಿಗೆ ಕಾಲುವೆ ನೀರು ವಿಪರೀತ ಬಿಟ್ಟರು. ಅಡಿಯ ನೀರು ಮೇಲೆ ಬಂತು, ಬಿಸಿಲಿಗೆ ನೀರು ಆರಿತು, ಉಪ್ಪು ಉಳಿಯಿತು. ಬಸಿಗಾಲುವೆ ತೋಡಿ, ಜಿಪ್ಸಂ ಹಾಕಿ, ಡೈಂಚಾ ಬಿತ್ತಿ ಹೂಳಿ, ವರ್ಷಗಟ್ಟಲೆ ತೊಳೆಯಬೇಕು. ಆ ವರ್ಷಗಳಲ್ಲಿ ನಿಮ್ಮಪ್ಪ ಹೊಲ ಬೀಳುಬಿಟ್ಟನೇ? ಉಪ್ಪು ತಡೆಯುವ ಕುಸುಬಿ, ಹತ್ತಿ ಹಾಕಿದ. ಇಳುವರಿ ಕಡಿಮೆ ಬಂತು, ಬಂದದ್ದನ್ನು ಗಾಡಿಯಲ್ಲಿ ತುಂಬಿ ತಂದ. ನೆಲ ಪೂರ್ತಿ ಸುಧಾರಿಸಲಿ, ಆಮೇಲೆ ಬಿತ್ತುತ್ತೇನೆ ಎಂದಿದ್ದರೆ ನಿನ್ನ ಫೀಸು ಎಲ್ಲಿಂದ ಬರುತ್ತಿತ್ತು?

ಸೋಮವಾರ ಕಾಲೇಜು ಬಿಡುವ ಅರ್ಜಿ ಕೊಡಬೇಡ. ಮಂಗಳವಾರ ಬಾ ನನ್ನಲ್ಲಿಗೆ, ಹತ್ತರ ಬಸ್ಸಿಗೆ, ಅದಕ್ಕೂ ಮೊದಲು ಬಂದರೆ ಬಾಗಿಲು ತೆಗೆಯಲು ನನಗಾಗುವುದಿಲ್ಲ. ಧೂಪದಾಳದ ಜಾಲಿ ನೆರಳಲ್ಲಿ ಇಬ್ಬರಿಗೆ ಜಾಗವಿದೆ, ಒಂದು ಕುರ್ಚಿ ನಾನು ತರುತ್ತೇನೆ, ಒಂದು ನೀನು ತಾ. ದುರ್ಬೀನು ಹೊರಲು ಮಣಿಕಟ್ಟು ನೋಯುವುದಾದರೆ ನನ್ನ ಹತ್ತಿರ ಕವಲುಗೋಲಿದೆ, ಅದರ ಮೇಲಿಟ್ಟು ನೋಡು. ಬರುವಾಗ ದಪ್ಪ ಪೆನ್ಸಿಲು ಎರಡು ಕೊಂಡು ತಾ, ಸಣ್ಣದು ನನ್ನ ಬೆರಳಿಗೆ ಸಿಗುವುದಿಲ್ಲ. ಕರದಂಟು ಮಾತ್ರ ತರಬೇಡ. ಹೋದ ಸಲ ತಂದದ್ದೇ ಡಬ್ಬಿಯಲ್ಲಿದೆ, ಕೀಲಿನ ಜೊತೆ ಈಗ ಹಲ್ಲೂ ಮಾತು ಕೇಳುತ್ತಿಲ್ಲ.